ಕೈ ತಾಕೋ, ಚೆಕ್ ಲಾಪ್ ಕಾಕೋ?

ವಸಾಹತು ಸರ್ಕಾರವೊಂದು ವಿಮಾನ ನಿಲ್ದಾಣಕ್ಕೆ ಜಾಗ, ಹಣ ಹೊಂದಿಸಿದ ಬಗೆಯನ್ನು ಪ್ರಬಂಧಕ್ಕೆ ಆರಿಸಿಕೊಳ್ಳುವವರಿಗೆ ಬ್ರಿಟಿಷರ ಕೈಯಲ್ಲಿದ್ದ ಹಾಂಗ್‌ಕಾಂಗ್ ಎರಡು ವಸ್ತು ಕೊಡುತ್ತದೆ: ಹಳೆಯ ನಿಲ್ದಾಣ ಕೈ ತಾಕ್, ಅದರ ಬದಲಿಗೆ ಬಂದ ಚೆಕ್ ಲಾಪ್ ಕಾಕ್.

ಕೈ ತಾಕ್ ನೆಲವನ್ನು ಮೊದಲು ಯಾರೂ ವಿಮಾನಕ್ಕೆಂದು ಆರಿಸಿರಲಿಲ್ಲ. ಹೋ ಕೈ, ಔ ತಾಕ್ ಎಂಬಿಬ್ಬರ ಹೆಸರಿನ ಕಂಪನಿ ಮನೆ ಕಟ್ಟಲೆಂದು ಕೌಲೂನ್ ಕೊಲ್ಲಿಗೆ ಮಣ್ಣು ತುಂಬಿಸಿತು. ವ್ಯವಹಾರ ಕೈಕೊಟ್ಟಿತು, ನೆಲ ಸರ್ಕಾರದ ಪಾಲಾಗಿ ವಿಮಾನ ನಿಲ್ದಾಣವಾಯಿತು. ಊರಿಗೆ ಹತ್ತಿರ, ಸರಿ. ಆದರೆ ಬೆನ್ನಿಗೇ ಗುಡ್ಡಗಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪಿಂಗ್ ಶಾನ್‌ನಲ್ಲಿ ಬದಲಿ ನಿಲ್ದಾಣದ ಕೆಲಸ ಶುರುವಾಗಿ ನಿಂತುಹೋಯಿತು. ಕೊನೆಗೆ 1958ರಲ್ಲಿ ರನ್‌ವೇಯನ್ನು ಸಮುದ್ರದೊಳಕ್ಕೇ ಚಾಚಿದರು.

ಚೆಕ್ ಲಾಪ್ ಕಾಕ್‌ನಲ್ಲಿ ಜಾಗಕ್ಕಿಂತ ಹಣದ ಜಗಳವೇ ಸ್ವಾರಸ್ಯ. 1989ರಲ್ಲಿ ಗವರ್ನರ್ ಡೇವಿಡ್ ವಿಲ್ಸನ್ ಯೋಜನೆ ಘೋಷಿಸಿದಾಗ ಹಾಂಗ್‌ಕಾಂಗ್ ಚೀನಾಕ್ಕೆ ಹಸ್ತಾಂತರವಾಗಲು ಉಳಿದದ್ದು ಎಂಟೇ ವರ್ಷ. ಬ್ರಿಟಿಷರು ಖಜಾನೆ ಬರಿದು ಮಾಡಿ ಹೊರಡುತ್ತಾರೆಂದು ಬೀಜಿಂಗ್‌ಗೆ ಗುಮಾನಿ. (ಅದು ತೀರಾ ಅಕಾರಣವೆಂದು ನನಗನಿಸುವುದಿಲ್ಲ.) ಬ್ರಿಟನ್ ಮತ್ತು ಚೀನಾದ 1991ರ ಒಪ್ಪಂದದಲ್ಲಿ, ಮುಂದಿನ ಆಡಳಿತಕ್ಕೆ ಕನಿಷ್ಠ 2,500 ಕೋಟಿ ಹಾಂಗ್‌ಕಾಂಗ್ ಡಾಲರ್ ಮೀಸಲು ಉಳಿಸಬೇಕೆಂದು ತೀರ್ಮಾನವಾಯಿತು. ನಿಲ್ದಾಣ ತೆರೆದದ್ದು 1998ರಲ್ಲಿ, ಬ್ರಿಟಿಷ್ ಧ್ವಜ ಇಳಿದ ಮೇಲೆ.

ಭೂಗೋಳ, ನಗರ ಯೋಜನೆಯ ವಿದ್ಯಾರ್ಥಿಗೆ ಕೈ ತಾಕ್ ಸಾಕು. ಹಣಕಾಸು, ರಾಜತಾಂತ್ರಿಕತೆಯಲ್ಲಿ ಆಸಕ್ತಿಯಿದ್ದರೆ ಎರಡನೆಯದನ್ನೇ ಹಿಡಿಯಿರಿ.