ಸಸ್ಪೆಂಡೋ, ಹೈಬರ್ನೇಟೋ?

ಡೊಂಬಿವಲಿಯ ನಿಮ್ಮ ಕನ್ನಡ ಗ್ರಂಥಾಲಯದ ಕಂಪ್ಯೂಟರು ರಾತ್ರಿ ತಾನಾಗಿ ಮಲಗಿ ಬೆಳಿಗ್ಗೆ 9ಕ್ಕೆ ತಾನಾಗಿ ಏಳಲು ಸಸ್ಪೆಂಡ್, ಹೈಬರ್ನೇಟ್ ಎಂಬ ಎರಡು ಮಲಗಿಸುವ ವಿಧಾನಗಳಲ್ಲಿ ಯಾವುದು ಲೇಸೆಂದು ಕೇಳಿದ್ದೀರಿ. ಸಸ್ಪೆಂಡ್‌ನಲ್ಲಿ ತೆರೆದ ಕಡತಗಳೆಲ್ಲ ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿಯಾದ ರ್‍ಯಾಮ್‌ನಲ್ಲೇ ಉಳಿಯುವುದರಿಂದ ಯಂತ್ರ ಕೆಲವೇ ಸೆಕೆಂಡುಗಳಲ್ಲಿ ಸಿದ್ಧವಾಗುತ್ತದೆ. ಆದರೆ ರ್‍ಯಾಮ್‌ಗೆ ಸದಾ ಅಲ್ಪಸ್ವಲ್ಪ ವಿದ್ಯುತ್ ಬೇಕು. ಯುಪಿಎಸ್ (ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಸುವ ಸಾಧನ) ಇಲ್ಲದ ಡೆಸ್ಕ್‌ಟಾಪ್‌ನಲ್ಲಿ, ಮಳೆಗಾಲದ ರಾತ್ರಿ ಒಮ್ಮೆ ಕರೆಂಟು ಹೋದರೂ, ಉಳಿಸದೆ ಬಿಟ್ಟ ಪುಸ್ತಕಪಟ್ಟಿ ಅಳಿದುಹೋಗುತ್ತದೆ. ನನ್ನ ಎಣಿಕೆಯಲ್ಲಿ ಇದೇ ಮುಖ್ಯ. ಹೈಬರ್ನೇಟ್ ಎಲ್ಲವನ್ನೂ ಡಿಸ್ಕಿಗೆ ಬರೆದಿಡುವುದರಿಂದ ಆ ಭಯವಿಲ್ಲ. ಏಳುವುದು ಮಾತ್ರ ನಿಧಾನ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ‘ಆರ್‌ಟಿಸಿವೇಕ್’ ಆದೇಶದಿಂದ ಎರಡಕ್ಕೂ ಏಳುವ ಹೊತ್ತನ್ನು ಗೊತ್ತುಮಾಡಬಹುದಾದರೂ, ಹೈಬರ್ನೇಟ್‌ನಿಂದ ಎಬ್ಬಿಸುವುದು ಎಲ್ಲ ಮದರ್‌ಬೋರ್ಡುಗಳಲ್ಲೂ (ಕಂಪ್ಯೂಟರಿನ ಒಳಗಿನ ಮುಖ್ಯ ಫಲಕ) ಆಗದು. ಮೊದಲು ಐದು ನಿಮಿಷಕ್ಕೆ ಇಟ್ಟು ಪರೀಕ್ಷಿಸಿರಿ. ದಿನಕ್ಕೆ ಹಲವು ಬಾರಿ ಕಂಪ್ಯೂಟರು ಬಿಟ್ಟು ಎದ್ದುಹೋಗುವವರಿಗೆ, ಲ್ಯಾಪ್‌ಟಾಪ್ ಉಳ್ಳವರಿಗೆ ಸಸ್ಪೆಂಡ್ ಹೊಂದುತ್ತದೆ. ಯುಪಿಎಸ್ ಇಲ್ಲದೆ ರಾತ್ರಿಯಿಡೀ ಮುಚ್ಚಿರುವ ಕಚೇರಿಗೆ ಹೈಬರ್ನೇಟ್.