ಆಟಿಸಂ ಇರುವ ದೊಡ್ಡವರ ಮನೆಯವರೇ, ‘ನಾವಿದ್ದೀವಿ’ ಅನ್ನುವ ಇಂಥ ಗುಂಪುಗಳನ್ನು ನಂಬುವ ಮೊದಲು ಇದನ್ನು ಓದಿ

ಕೋಪದಲ್ಲೇ ಬರೆಯುತ್ತಿದ್ದೇನೆ. ಹಿಂದೆಮುಂದೆ ಆದರೆ ಹೊಂದಿಸಿಕೊಳ್ಳಿ. ತಮ್ಮನನ್ನು ಹಗಲು ಹೊತ್ತು ನೋಡಿಕೊಳ್ಳಲಿ ಅಂತ ನಾವು ನಂಬಿ ಬಿಟ್ಟ ಗುಂಪಿನ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಹಾಕಿದರೆ ನನ್ನ ತಮ್ಮನ ವಿಡಿಯೋ ಹುಡುಕಿಕೊಂಡು ಇನ್ನಷ್ಟು ಜನ ಹೋಗುತ್ತಾರೆ.

ಹೌದು, ವಿಡಿಯೋ. ಅವನು ತಲೆ ಚಚ್ಚಿಕೊಂಡು ಅಳುತ್ತಿರುವ ವಿಡಿಯೋ. ಹಿಂದೆ ಪಿಟೀಲು. ಕೆಳಗೆ ‘ನೀವಲ್ಲದೆ ಇವರಿಗೆ ಯಾರು? ಕೈಲಾದಷ್ಟು ಕೊಡಿ’ ಅಂತ ಬರಹ.

ತಮ್ಮನಿಗೆ ಮೂವತ್ತು ದಾಟಿದೆ. ಮಾತು ಕಡಿಮೆ, ಚಿತ್ರದ ಕಾರ್ಡ್ ತೋರಿಸಿ ಬೇಕು ಬೇಡ ಹೇಳುತ್ತಾನೆ. ಜೋರು ಸದ್ದು ಅವನಿಗೆ ಬರೀ ಕಿರಿಕಿರಿ ಅಲ್ಲ, ನೋವು. ಅದಕ್ಕೇ ಸದ್ದು ತಡೆಯುವ ಹೆಡ್‌ಫೋನ್ ಯಾವಾಗಲೂ ಕಿವಿ ಮೇಲೆ ಇರುತ್ತದೆ. ಮಕ್ಕಳಾಗಿದ್ದಾಗ ಥೆರಪಿ, ಶಾಲೆ ಏನಾದರೂ ಒಂದು ಸಿಗುತ್ತದೆ. ಹದಿನೆಂಟು ದಾಟಿತೋ, ಎಲ್ಲ ಕಡೆ ಬಾಗಿಲು ಹಾಕುತ್ತಾರೆ. ಆಟಿಸಂ ಏನು ಹದಿನೆಂಟಕ್ಕೆ ಹೋಗಿಬಿಡುತ್ತಾ? ಆಮೇಲೆ ಅಪ್ಪ ಅಮ್ಮನಿಗೆ ವಯಸ್ಸಾಗುತ್ತದೆ. ‘ನಮ್ಮ ನಂತರ ಇವನಿಗೆ ಯಾರು’ ಅನ್ನುವುದು ಶುರುವಾಗುತ್ತದೆ. ನಿಮ್ಮ ಮನೆಯಲ್ಲೂ ಇದೇ ಮಾತು ಇರುತ್ತದೆ, ನನಗೆ ಗೊತ್ತು. ಆ ಗುಂಪಿನವರಿಗೂ ಗೊತ್ತು.

ಮೊದಲ ಸಭೆಯಲ್ಲೇ ಸಂಚಾಲಕರು ಅಮ್ಮನ ಪಕ್ಕ ಕೂತು ‘ಇನ್ಮೇಲೆ ನೀವು ಒಬ್ಬರೇ ಅಲ್ಲಮ್ಮ’ ಅಂದರು. ಅಮ್ಮ ಅತ್ತರು. ಆಮೇಲೆ ಒಂದು ಕಥೆ ಹೇಳಿದರು. ಡೊನಾಲ್ಡ್ ಟ್ರಿಪ್ಲೆಟ್ ಅಂತ, 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಬರೆದ ಆಟಿಸಂ ಲೇಖನದಲ್ಲಿ ಮೊದಲನೆಯ ಹುಡುಗ. ಅಮೆರಿಕದ ಮಿಸಿಸಿಪ್ಪಿಯ ಫಾರೆಸ್ಟ್ ಅನ್ನುವ ಸಣ್ಣ ಊರಿನಲ್ಲಿ ಬ್ಯಾಂಕ್ ಕೆಲಸ ಮಾಡಿಕೊಂಡು, ಕಾರು ಓಡಿಸಿಕೊಂಡು, ಗಾಲ್ಫ್ ಆಡಿಕೊಂಡು ಬದುಕಿದವರು, 2023ರಲ್ಲಿ ತೀರಿಕೊಂಡರು. ‘ಆ ಊರಿನ ಹಾಗೆ ನಾವು ನಿಮ್ಮ ಹುಡುಗನನ್ನು ನೋಡಿಕೊಳ್ತೀವಿ’ ಅಂದರು. ಕಥೆ ನಿಜವೇ. (ಮನೆಯವರಿಗೇ ಆ ಬ್ಯಾಂಕಿನಲ್ಲಿ ಪಾಲಿತ್ತು ಅನ್ನುವುದನ್ನು ಮಾತ್ರ ಹೇಳಲಿಲ್ಲ.)

ವರ್ಷದ ಹಣ ಮುಂಗಡ ಕಟ್ಟಿದೆವು. ಹಗಲು ಹೊತ್ತು ಅವನಿಗೆ ಅಲ್ಲಿ ಚಟುವಟಿಕೆ, ಸದ್ದಿಲ್ಲದ ಒಂದು ಕೋಣೆ, ನಮಗೆ ಸ್ವಲ್ಪ ಬಿಡುವು. ಮಾತು ಆಗಿದ್ದು ಇಷ್ಟು. ನಾನು ಒಂದು ಪುಟ ಬರೆದುಕೊಟ್ಟೆ. ಹೆಡ್‌ಫೋನ್ ತೆಗೆಯಬೇಡಿ. ಮೆಲ್ಟ್‌ಡೌನ್ ಆದರೆ, ಅಂದರೆ ತಡೆಯಲಾಗದೆ ಅವನ ಹಿಡಿತ ತಪ್ಪಿದರೆ, ದೀಪ ಆರಿಸಿ, ಸುತ್ತ ಇರುವವರನ್ನು ಹೊರಗೆ ಕಳಿಸಿ, ಮುಟ್ಟಬೇಡಿ, ಪ್ರಶ್ನೆ ಕೇಳಬೇಡಿ. ಅದು ಹಠ ಅಲ್ಲ, ತಾನಾಗಿ ಇಳಿಯಬೇಕು. ‘ಎಷ್ಟು ಚೆನ್ನಾಗಿ ಬರೆದಿದ್ದೀರಿ ಮೇಡಂ’ ಅಂತ ಫೈಲಿಗೆ ಹಾಕಿಕೊಂಡರು.

ಕೆಲವು ವಾರ ಆದ ಮೇಲೆ ತಮ್ಮ ಆ ಜಾಗದ ಕಾರ್ಡ್ ಕೊಟ್ಟರೆ ಮಗುಚಿ ಇಡಲು ಶುರು ಮಾಡಿದ. ಗುಂಪಿನವರನ್ನು ಕೇಳಿದರೆ ‘ಹೊಸ ಜಾಗ ಅಲ್ವಾ, ಟೈಮ್ ಬೇಕು’. ಬದಲಾವಣೆ ಇವರಿಗೆ ಕಷ್ಟ ಅನ್ನುವುದು ನಿಜ ತಾನೇ, ಅದಕ್ಕೇ ಆ ಉತ್ತರ ನಡೆಯಿತು.

ವಿಡಿಯೋ ಕಳಿಸಿದ್ದು ಸಂಬಂಧಿಕರೊಬ್ಬರು. ‘ಇದು ನಿನ್ನ ತಮ್ಮ ಅಲ್ವೇನೇ? ಪಾಪ’ ಅಂತ. ನೋಡಿದೆ. ಅವನದೇ ಅಂಗಿ. ಕಿವಿ ಮೇಲೆ ಹೆಡ್‌ಫೋನ್ ಇಲ್ಲ. ಚಿತ್ರದ ಅಂಚಿನಲ್ಲಿ ಒಂದು ಕೈ ಇದೆ, ಆ ಕೈಯಲ್ಲಿ ಹೆಡ್‌ಫೋನ್ ಇದೆ. ದಾನಿಗಳು ಬಂದಿದ್ದರಂತೆ, ಮೈಕ್ ಹಾಕಿ ಹಾಡು ಇಟ್ಟಿದ್ದರಂತೆ, ಫೋಟೋಗೆ ಮುಖ ಸರಿಯಾಗಿ ಕಾಣಲಿ ಅಂತ ತೆಗೆದರಂತೆ. ದೀಪ ಉರಿಯುತ್ತಿದೆ, ಸುತ್ತ ಜನ ನಿಂತಿದ್ದಾರೆ, ಒಬ್ಬರು ನಿಲ್ಲಿಸದೆ ಚಿತ್ರ ತೆಗೆಯುತ್ತಿದ್ದಾರೆ. ನಾನು ಬರೆದುಕೊಟ್ಟ ಪುಟದ ಒಂದೊಂದು ಸಾಲಿಗೂ ಸರಿಯಾಗಿ ಉಲ್ಟಾ. ಮತ್ತೆ ಮತ್ತೆ ನೋಡಿದೆ. ಆ ಕೈಯನ್ನೇ ನೋಡಿದೆ.

ಸಂಚಾಲಕರಿಗೆ ಫೋನ್ ಮಾಡಿದೆ. ‘ಮೇಡಂ, ಅದು ಜಾಗೃತಿಗೋಸ್ಕರ. ಇಂಥದ್ದು ನೋಡಿದರೇನೇ ಜನಕ್ಕೆ ಅರ್ಥ ಆಗೋದು.’ ತೆಗೆಯಿರಿ ಅಂದೆ. ‘ನೀವೇ ಸಹಿ ಹಾಕಿದ್ದೀರಲ್ಲ.’ ಸೇರುವ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಚಟುವಟಿಕೆಗಳ ಚಿತ್ರ ಪ್ರಚಾರಕ್ಕೆ ಬಳಸಬಹುದು’ ಅಂತ ಇತ್ತು. ಮನುಷ್ಯ ತಲೆ ಚಚ್ಚಿಕೊಳ್ಳುವುದು ಚಟುವಟಿಕೆಯಾ? ಅವನನ್ನು ಕೇಳಿದ್ರಾ ಅಂದೆ. ನಕ್ಕರು. ‘ಅವರಿಗೇನು ಗೊತ್ತಾಗುತ್ತೆ ಮೇಡಂ?’

ಅವರಿಗೇನು ಗೊತ್ತಾಗುತ್ತೆ! ಮೊದಲ ದಿನ ಅಮ್ಮನ ಮುಂದೆ ‘ಇವರಿಗೆ ಎಲ್ಲಾ ಅರ್ಥ ಆಗುತ್ತೆ’ ಅಂದಿದ್ದು ಇದೇ ಬಾಯಿ. ಕಾರ್ಡ್ ಮಗುಚಿ ಇಟ್ಟವನಿಗೆ ಗೊತ್ತಿತ್ತು.

ವಿಶ್ವಸಂಸ್ಥೆಯ 2006ರ ವಿಕಲಚೇತನರ ಹಕ್ಕುಗಳ ಒಪ್ಪಂದದಲ್ಲಿ 12ನೇ ವಿಧಿ ಕಾನೂನಿನ ಮುಂದೆ ಇವರೂ ಎಲ್ಲರ ಸಮ ಅನ್ನುತ್ತದೆ. 22ನೇ ವಿಧಿ ಇವರ ಖಾಸಗಿತನವನ್ನು ಕಾಪಾಡಬೇಕು ಅನ್ನುತ್ತದೆ. ಎರಡನ್ನೂ ಕಳಿಸಿದೆ. ಉತ್ತರವಾಗಿ ಒಂದು ಹೆಬ್ಬೆರಳಿನ ಎಮೋಜಿ ಬಂತು. ಆಮೇಲೆ ನನ್ನನ್ನು ವಾಟ್ಸಾಪ್ ಗುಂಪಿನಿಂದ ತೆಗೆದರು. ವಿಡಿಯೋ ಮಾತ್ರ ತೆಗೆಯಲಿಲ್ಲ. ಕಣ್ಣಿನ ಮೇಲೆ ಒಂದು ಪಟ್ಟಿ ಬಳಿದು ಮತ್ತೆ ಹಾಕಿದರು, ಅಷ್ಟೇ.

ಹಣ ವಾಪಸ್ ಕೇಳಿದ್ದಕ್ಕೆ ‘ರಸೀದಿ ನೋಡಿ, ಅದು ದಾನ. ದಾನ ವಾಪಸ್ ಕೊಡೋಕೆ ಬರಲ್ಲ’ ಅಂದರು. ನೋಡಿದರೆ ನಿಜವಾಗಿಯೂ ಹಾಗೇ ಇದೆ. ಶುಲ್ಕ ಅನ್ನುವುದು ಎಲ್ಲೂ ಇಲ್ಲ.

ಇನ್ನೊಂದು ಮನೆಯವರಿಗೂ ನಾನೇ ಈ ಜಾಗ ಹೇಳಿದ್ದೆ. ಅವರಿಗೆ ಫೋನ್ ಮಾಡಿ ಹೇಳುವಾಗ ಮಾತು ಹೊರಡಲಿಲ್ಲ. ಆ ತಾಯಿ ಎಲ್ಲ ಕೇಳಿ, ‘ಗೊತ್ತಾಯ್ತಮ್ಮ, ಆದರೆ ನನಗೆ ಸೊಂಟ ಎತ್ತೋಕೆ ಆಗಲ್ಲ, ಕಳಿಸ್ತೀನಿ’ ಅಂದರು. ಏನು ಹೇಳಲಿ? ಆ ಸೊಂಟನೋವಿನ ಮೇಲೇ ಇವರ ಅಂಗಡಿ ನಡೆಯುತ್ತಿರುವುದು.

ಮತ್ತೆ ಆ ಟ್ರಿಪ್ಲೆಟ್ ಕಥೆ. ಆಮೇಲೆ ನಾನೇ ಹುಡುಕಿ ಓದಿದೆ. ಅವರ ಬಗ್ಗೆ ಬರೆಯಲು ಪತ್ರಕರ್ತರು ಬಂದಾಗ, ಅವರಿಗೆ ನೋವಾಗುವಂಥದ್ದೇನಾದರೂ ಮಾಡಿದರೆ ಸುಮ್ನೆ ಬಿಡಲ್ಲ ಅಂತ ಊರಿನವರು ಎಚ್ಚರಿಸಿದ್ದರಂತೆ. ಕಥೆಯ ಈ ಭಾಗ ಸಂಚಾಲಕರಿಗೆ ನೆನಪಿರಲಿಲ್ಲ!

ಸೇರಿಸುವ ಮೊದಲು ಅರ್ಜಿಯಲ್ಲಿ ಫೋಟೋದ ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿ ಕೊಡಿ. ಮುಖ ಬದಲಾದರೆ ಅಲ್ಲಿಂದಲೇ ಎದ್ದು ಬನ್ನಿ. ರಸೀದಿಯಲ್ಲಿ ಶುಲ್ಕ ಅಂತಿದೆಯಾ ದಾನ ಅಂತಿದೆಯಾ ನೋಡಿ. ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. ಹೇಳದೆ ಕೇಳದೆ ಒಂದು ದಿನ ಹೋಗಿ ನಿಂತು ನೋಡಿ. ನಿಮ್ಮವರು ಹೋಗಲ್ಲ ಅಂದರೆ, ಯಾವ ರೀತಿಯಲ್ಲೇ ಹೇಳಲಿ, ‘ಟೈಮ್ ಬೇಕು’ ಅನ್ನುವವರಿಗಿಂತ ಮೊದಲು ಅವರ ಮಾತು ಕೇಳಿ.

ದೂರು ಕೊಟ್ಟಿದ್ದೇನೆ, ಇನ್ನೂ ಏನೂ ಆಗಿಲ್ಲ. ಇಂಥ ವಿಡಿಯೋ ನಿಮಗೆ ಬಂದರೆ ದಯವಿಟ್ಟು ಯಾರಿಗೂ ಕಳಿಸಬೇಡಿ. ಅವರನ್ನು ಬೈಯುವುದಕ್ಕಾದರೂ ಬೇಡ.