ನಾಯಿ ಇರುವ ಮನೆಗೆ ತಿರುಗಿಸುವ ಕಾಂಪೋಸ್ಟ್ ಡ್ರಮ್: ಬಾಗಿಲು ನೋಡಿ ಕೊಳ್ಳಿ

ಹಿತ್ತಲಲ್ಲಿ ತೆರೆದ ಗುಂಡಿ, ಇಲ್ಲವೇ ನೆಲದ ಮೇಲಿಟ್ಟ ತಳವಿಲ್ಲದ ಬಿನ್. ಗೊಬ್ಬರಕ್ಕೆ ಎರಡೂ ಒಳ್ಳೆಯವೇ, ಆದರೆ ನಾಯಿ ಇದ್ದರೆ ಎರಡೂ ಬೇಡ. ಬಿನ್ನಿನ ಮುಚ್ಚಳ ಎಷ್ಟೇ ಗಟ್ಟಿಯಿರಲಿ, ನಾಯಿ ಪಕ್ಕದ ಮಣ್ಣು ಕೆರೆದು ಅಡಿಯಿಂದ ಬಾಯಿ ಹಾಕುತ್ತದೆ. ಸ್ಟ್ಯಾಂಡ್ ಮೇಲೆ ತಿರುಗುವ ಎರಡು ಖಾನೆಯ ಪ್ಲಾಸ್ಟಿಕ್ ಡ್ರಮ್ ಈ ಕಾಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಪೂರ್ತಿ ತಪ್ಪಿಸದಿರುವುದಕ್ಕೆ ಕಾರಣ ಅದರ ಬಾಗಿಲು ಮತ್ತು ಅಡಿಯ ತೂತುಗಳು.

ಹೆಚ್ಚಿನ ಡ್ರಮ್‌ಗಳದ್ದು ಪಕ್ಕಕ್ಕೆ ಸರಿಸುವ ಬಾಗಿಲು. ಅದು ಜಾರುವ ಜಾಡಿನಲ್ಲಿ ಒದ್ದೆ ಪುಡಿ ಸೇರಿ ಗಟ್ಟಿಯಾದರೆ ಬಾಗಿಲು ಕೊನೆಯ ಒಂದು ಬೆರಳಿನಷ್ಟು ಮುಚ್ಚದೆ ನಿಲ್ಲುತ್ತದೆ. ಆ ಸಂದಿಗೆ ಮೂತಿ ತೂರಿಸಿ ಬಾಗಿಲು ತಳ್ಳಲು ನಾಯಿಗೆ ಹೆಚ್ಚು ಹೊತ್ತು ಬೇಕಿಲ್ಲ. ತಿರುಚಿ ಬಿಗಿಯುವ ಚಿಲಕವಿರುವ ಮಾದರಿಯೇ ಬೇಕು. ಇಲ್ಲದಿದ್ದರೆ ಕೊಕ್ಕೆಯ ರಬ್ಬರ್ ಪಟ್ಟಿ ಸುತ್ತಿ ಬಿಗಿಯಿರಿ, ಹಳೆ ಟೂತ್‌ಬ್ರಷ್‌ನಿಂದ ಆ ಜಾಡನ್ನು ಆಗಾಗ ಉಜ್ಜಿ.

ಇಷ್ಟು ಹಟ ಏಕೆಂದರೆ, ಬೂಷ್ಟು ಹಿಡಿದ ಬ್ರೆಡ್ಡು, ಹಾಲಿನ ಪದಾರ್ಥ, ಕಾಳುಗಳಲ್ಲಿ ಪೆನಿಟ್ರೆಮ್ ಎ ಎಂಬ ವಿಷ ಹುಟ್ಟಬಹುದು. ಅದು ನಾಯಿಯ ನರಗಳಿಗೆ ತಗುಲಿದರೆ ಏದುಸಿರು, ಜೊಲ್ಲು, ವಾಂತಿ, ಮೈನಡುಕ, ಕೊನೆಗೆ ಸೆಳವು. ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಶುರುವಾಗುತ್ತದೆ. ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ದು 'ಕಾಂಪೋಸ್ಟ್ ತಿಂದಿದೆ' ಎಂದೇ ಹೇಳಿ. ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ. ಬೇಯಿಸಿದ ಆಹಾರ, ಮಾಂಸ, ಮೂಳೆ, ಎಣ್ಣೆ ಡ್ರಮ್ಮಿಗೆ ಬೇಡವೇ ಬೇಡ. ಈರುಳ್ಳಿ, ದ್ರಾಕ್ಷಿ, ಕಾಫಿ ಗಸಿ ಗೊಬ್ಬರಕ್ಕೆ ಒಳ್ಳೆಯವು, ನಾಯಿಗೆ ವಿಷ. ಹಾಕುವುದಾದರೆ ನಡುವೆ ಹೂತುಹಾಕಿ. ಮೆಕ್ಕೆಜೋಳದ ದಿಂಡು ಬೇಗ ಕೊಳೆಯುವುದೂ ಇಲ್ಲ, ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ.

ಅಡಿಯ ತೂತುಗಳ ವಿಷಯವನ್ನು ಮಾರುವವರು ಹೇಳುವುದು ಕಡಿಮೆ. ಅಲ್ಲಿಂದ ಸೋರುವ ಕಂದು ನೀರನ್ನು ನಾಯಿ ನೆಕ್ಕುತ್ತದೆ. ತಟ್ಟೆ ಇಟ್ಟರೆ ಅದೇ ಬಟ್ಟಲಾಗುತ್ತದೆ, ಆದ್ದರಿಂದ ಸಣ್ಣ ಬಾಯಿಯ ಕ್ಯಾನಿಗೆ ಇಳಿಯುವಂತೆ ಮಾಡಿ. ನೀರು ಸೋರುತ್ತಿದೆಯೆಂದರೆ ಒಣ ಪದಾರ್ಥ ಸಾಲದು ಎಂದೇ ಅರ್ಥ. ಒಂದು ಬಕೆಟ್ ಹಸಿ ಕಸಕ್ಕೆ ಎರಡರಿಂದ ಮೂರು ಬಕೆಟ್ ಒಣ ಎಲೆ ಅಥವಾ ಹರಿದ ರಟ್ಟು ಬೇಕು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಬಾರದು.

ಒದ್ದೆ ಹೆಚ್ಚಾದರೆ ಇನ್ನೊಂದು ತೊಂದರೆ: ಡ್ರಮ್ ತಿರುಗಿದಂತೆ ಕಸ ಉಂಡೆ ಕಟ್ಟುತ್ತದೆ. ಒಡೆದು ನೋಡಿ, ಒಳಗೆ ಗಾಳಿಯಿಲ್ಲದೆ ಹುಳಿನಾತ ಹೊಡೆಯುತ್ತದೆ. ಕೈಗವಸು ಹಾಕಿ ಒಡೆದು, ಒಣ ಎಲೆ ಸೇರಿಸಿ. ಎರಡು ಮೂರು ದಿನಕ್ಕೊಮ್ಮೆ ಐದಾರು ಸುತ್ತು ಸಾಕು. ಖಾನೆ ಮುಕ್ಕಾಲು ತುಂಬಿದ ಮೇಲೆ ಇನ್ನು ಹಾಕಬೇಡಿ, ಹೊರಳಲು ಜಾಗವೇ ಇರುವುದಿಲ್ಲ.

'ಎರಡು ವಾರದಲ್ಲಿ ಗೊಬ್ಬರ' ಎಂಬ ಮಾತನ್ನು ನಂಬಬೇಡಿ. ಚಿಕ್ಕ ಡ್ರಮ್ಮಿನಲ್ಲಿ ಕಾವು ನಿಲ್ಲುವುದಿಲ್ಲ. ಎರಡು ಮೂರು ತಿಂಗಳು, ಆಮೇಲೆ ಮುಚ್ಚಿಟ್ಟು ಮಾಗಿಸಲು ಮೂರು ನಾಲ್ಕು ವಾರ. ಕಾವಿಲ್ಲದ ಕಾರಣಕ್ಕೇ ನಾಯಿಯ ಮಲವನ್ನೂ ಇದಕ್ಕೆ ಹಾಕಬಾರದು, ಜಂತುಹುಳುವಿನ ಮೊಟ್ಟೆ ಸಾಯದೆ ತರಕಾರಿ ಪಾತಿಗೆ ಬರುತ್ತದೆ.

ಗೊಬ್ಬರವನ್ನು ಪಾತಿಯ ಮೇಲೆ ಚೆಲ್ಲಿ ಬಿಡದೆ ಮಣ್ಣಿಗೆ ಬೆರೆಸಿ. ಜೊತೆಗೆ ಮೂಳೆ ಪುಡಿ, ಹರಳು ಹಿಂಡಿ ಬೇಡ. ವಾಸನೆಗೆ ನಾಯಿ ಅಗೆದು ತಿನ್ನುತ್ತದೆ, ಹರಳಿನಲ್ಲಿರುವುದು ರಿಸಿನ್ ಎಂಬ ವಿಷ.